ಟ್ಯಾಕ್ಸ್ ಇಲಾಖೆ ಸೇರಿದ ಮಗಳಿಗೆ ದೊಡ್ಡಪ್ಪನ ಪತ್ರ

ಪ್ರೀತಿಯ ಮಗಳೇ,

ವಾಣಿಜ್ಯ ತೆರಿಗೆ ಇಲಾಖೆ ಒಳಗೆ ಕೆಲಸ ಸಿಕ್ತು ಅಂತ ನಿಮ್ಮಪ್ಪ ಫೋನ್ ಮಾಡಿದ್ದ, ಬಾಳ ಖುಷಿ ಆತವ್ವ. ದಾವಣಗೆರೆ ಮಂಡಿಪೇಟೆ ವ್ಯಾಪಾರ ನೋಡ್ಕೊಂಡೇ ತಲೆ ಬೆಳ್ಳಗಾದೋನು ನಾನು, ಅದ್ಕೆ ಒಂದೆರಡು ಮಾತು ಹೇಳ್ತೀನಿ, ಕೇಳು.

ನೀನು ವಸೂಲಿ ಮಾಡೋ ದುಡ್ಡಿನ ಮೇಲೆ ಸರ್ಕಾರ ಎಷ್ಟು ನಿಂತೈತೆ ಅನ್ನೋದು ಮೊದ್ಲು ತಿಳ್ಕ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದ ಮೇಲೆ ಯಾವ ಸಾಮಾನಿಗೆ ಎಷ್ಟು ಪರ್ಸೆಂಟ್ ಅನ್ನೋದು ವಿಧಾನಸೌಧದ ಕೈಲಿಲ್ಲ, ಜಿಎಸ್‌ಟಿ ಕೌನ್ಸಿಲ್‌ನಲ್ಲಿ ಕೇಂದ್ರ, ಎಲ್ಲಾ ರಾಜ್ಯದೋರು ಕೂತು ತೀರ್ಮಾನ ಮಾಡ್ತಾರೆ. ರಾಜ್ಯದ ಜಿಎಸ್‌ಟಿ ವರಮಾನ ವರ್ಷಕ್ಕೆ 14 ಪರ್ಸೆಂಟ್ ಬೆಳೀದಿದ್ರೆ ಕಮ್ಮಿ ಬಿದ್ದಿದ್ದನ್ನ ಕೇಂದ್ರ ತುಂಬ್ಕೊಡ್ತಿತ್ತು, 2022ರ ಜೂನ್‌ಗೆ ಅದೂ ನಿಂತೋತು. ಕೇಂದ್ರದ ತೆರಿಗೆ ರಾಜ್ಯಗಳಿಗೆ ಹೆಂಗೆ ಹಂಚ್ಬೇಕು ಅಂತ ಹೇಳೋ ಹಣಕಾಸು ಆಯೋಗ ಐತಲ್ಲ, ಹದಿನೈದನೇ ಆಯೋಗದಾಗೆ ಆ ಹಂಚಿಕೆಯಲ್ಲಿ ನಮ್ಮ ರಾಜ್ಯದ ಪಾಲು 4.713ರಿಂದ 3.647 ಪರ್ಸೆಂಟಿಗೆ ಇಳೀತು. ಹಂಗಾಗಿ ರಾಜ್ಯ ತಾನಾಗೇ ಏರಿಸ್ಬೋದು ಅನ್ನೋ ದೊಡ್ಡ ಬಾಬ್ತು ನಾಕೇ ಉಳ್ದಿರೋದು, ಮದ್ಯದ ಮೇಲಿನ ಅಬಕಾರಿ, ಪೆಟ್ರೋಲ್ ಡೀಸೆಲ್, ನೋಂದಣಿ ಮುದ್ರಾಂಕ, ವಾಹನ ತೆರಿಗೆ. ದುಡ್ಡು ಬೇಕಾದಾಗೆಲ್ಲ ಕೈ ಅಲ್ಲಿಗೇ ಹೋಗ್ತೈತೆ. 2024ರ ಜೂನ್‌ನಾಗೆ ಪೆಟ್ರೋಲು ಲೀಟರಿಗೆ 3 ರೂಪಾಯಿ ಏರಿತು, ಡೀಸೆಲ್ಲೂ ಏರಿತು, ಡೀಸೆಲ್ ಏರಿದ್ರೆ ನಮ್ಮ ಎಪಿಎಂಸಿಯಿಂದ ಮೆಕ್ಕೆಜೋಳ ಹೊತ್ಕೊಂಡು ಹೋಗೋ ಲಾರಿ ಬಾಡಿಗೆನೂ ಏರ್ತೈತೆ, ಕೊನೆಗೆ ಅದು ಬೀಳೋದು ರೈತನ ರೇಟಿನ ಮೇಲೆ. ಇನ್ನು ಅಬಕಾರಿ ಟಾರ್ಗೆಟ್ ವರ್ಷಾ ವರ್ಷಾ ಏರ್ತಾನೇ ಹೋಗೋದು ನಂಗೆ ಸುತರಾಂ ಸರಿ ಕಾಣಲ್ಲ. ಜನ ಕುಡಿದಷ್ಟೂ ಖಜಾನೆ ತುಂಬ್ತೈತೆ ಅನ್ನೋ ಲೆಕ್ಕದ ಮೇಲೆ ಆಸ್ಪತ್ರೆ ಶಾಲೆ ನಡೆಸೋದು ಯಾವ ಕಾಲಕ್ಕೂ ಒಳ್ಳೇದಲ್ಲ.

ಗ್ಯಾರಂಟಿ ಬಗ್ಗೆ ಮನೆಮಂದಿ ಜಗಳ ಆಡ್ತಾರಲ್ಲ, ನಾನು ಗೃಹಲಕ್ಷ್ಮಿ 2000 ರೂಪಾಯಿಗೆ ವಿರೋಧ ಅಲ್ಲ, ನಿಮ್ಮ ದೊಡ್ಡಮ್ಮನ ಕೈಲಿ ಅದು ಔಷಧಿಗೆ ಹೋಗ್ತೈತೆ. ಆದ್ರೆ ಐದು ಗ್ಯಾರಂಟಿಗೆ ವರ್ಷಕ್ಕೆ 52 ಸಾವಿರ ಕೋಟಿ ಸುಮಾರು ಬೇಕು, ಅದು ಪ್ರತಿ ವರ್ಷದ ಖರ್ಚು, ಅದಕ್ಕೆ ಪ್ರತಿ ವರ್ಷ ಬರೋ ವರಮಾನನೇ ಬೇಕು, ಸಾಲ ಅಲ್ಲ. ಸಾಲ ತಂದು ಭದ್ರಾ ಮೇಲ್ದಂಡೆ ಕಾಲುವೆ ತೋಡಿದ್ರೆ ಚಿತ್ರದುರ್ಗದ ಹೊಲಕ್ಕೆ ನೀರು ಬರ್ತೈತೆ, ಫಸಲು ಬರ್ತೈತೆ, ವ್ಯಾಪಾರ ಬೆಳೆದು ನಾಳೆ ಟ್ಯಾಕ್ಸೂ ಬರ್ತೈತೆ. ಸಾಲ ತಂದು ಸಂಬಳ ಪೆನ್ಶನ್ ಕೊಟ್ರೆ ಬಡ್ಡಿ ಬಿಟ್ಟು ಏನೂ ಉಳಿಯಲ್ಲ. ಅದ್ಕೇ 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಒಳಗೆ ವಿತ್ತೀಯ ಕೊರತೆ, ಅಂದ್ರೆ ವರಮಾನ ಸಾಲ್ದೆ ಆ ವರ್ಷ ತರೋ ಸಾಲ, ರಾಜ್ಯದ ಉತ್ಪನ್ನದ 3 ಪರ್ಸೆಂಟ್ ದಾಟಬಾರದು, ಒಟ್ಟು ಸಾಲ 25 ದಾಟಬಾರದು ಅಂತ ಗೆರೆ ಹಾಕಿರೋದು. ಆ ಗೆರೆ ಒಳಗಿದ್ದೂ 2024-25ರ ಬಜೆಟ್‌ನಾಗೆ 27,354 ಕೋಟಿ ರೆವಿನ್ಯೂ ಕೊರತೆ ತೋರಿಸಿದ್ರು, ಅಂದ್ರೆ ದಿನದ ಖರ್ಚಿಗೇ ಸಾಲ. ಎಷ್ಟೋ ವರ್ಷ ರೆವಿನ್ಯೂ ಉಳಿತಾಯ ತೋರಿಸಿದ್ದ ರಾಜ್ಯ ನಮ್ಮದು, ಅದು ನೋಡಿದ್ರೆ ಹೊಟ್ಟೆ ಉರೀತೈತೆ.

ಈಗ ನಿನ್ನ ಕೆಲಸದ ಮಾತು. ಮನೆಗೆ ಟೈಲ್ಸ್ ತರೋಕೆ ಹೋಗಿದ್ದೆ, ಅಂಗಡಿಯೋನು ಮೊದ್ಲು ಕೇಳಿದ್ದೇ "ಬಿಲ್ ಬೇಕಾ ಯಜಮಾನ್ರೇ, ಚೀಟಿ ಸಾಕಾ?" ಬಿಲ್ ಆದ್ರೆ 18 ಪರ್ಸೆಂಟ್ ಜಾಸ್ತಿ, ಬಿಳಿ ಚೀಟಿ ಮೇಲೆ ಪೆನ್ಸಿಲಲ್ಲಿ ಬರೆದುಕೊಟ್ರೆ ಏನೂ ಇಲ್ಲ. ಒಂದು ಲಕ್ಷದ ಮಾಲಿಗೆ 18 ಸಾವಿರ ಹೋತು, ಅದ್ರಾಗೆ ಅರ್ಧ ರಾಜ್ಯದ್ದು. ರೇಟು ಏರಿಸದೇ ಖಜಾನೆ ಗಟ್ಟಿ ಆಗೋ ದಾರಿ ಇಂಥ ಚೀಟಿ ಹಿಡಿಯೋದ್ರಲ್ಲಿ ಐತೆ. 2025ರ ಜುಲೈನಾಗೆ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಯೋರಿಗೆಲ್ಲ ನೋಟಿಸ್ ಹೋದಾಗ ಜನ ಕ್ಯೂಆರ್ ಕೋಡೇ ಕಿತ್ತಾಕಿದ್ರು ನೋಡು, ಹಸಿ ತರಕಾರಿಗೆ ಟ್ಯಾಕ್ಸೇ ಇಲ್ಲ, ಬರೀ ಸಾಮಾನು ಮಾರೋರ ವಹಿವಾಟು ವರ್ಷಕ್ಕೆ 40 ಲಕ್ಷದ ಕೆಳಗಿದ್ರೆ ರಿಜಿಸ್ಟ್ರೇಷನ್ನೂ ಬೇಕಿಲ್ಲ, ಇದನ್ನ ಮೊದ್ಲೇ ಕೂರಿಸಿ ತಿಳಿಸಿ ಹೇಳಿದ್ರೆ ಅಷ್ಟು ಭಯ ಬೀಳ್ತಿರಲಿಲ್ಲ. ನೀನು ಹಂಗೆ ಹೆದರಿಸಬೇಡ ತಾಯಿ. ಗೋಡೌನ್ ಇಟ್ಕೊಂಡು ಚೀಟಿ ಮೇಲೆ ಲೋಡುಗಟ್ಲೆ ಸಾಗಿಸೋರ ಹತ್ರ ಗಟ್ಟಿಯಾಗಿರು, ಯಾರ ಫೋನ್ ಬಂದ್ರೂ ಫೈಲ್ ಮುಚ್ಚಬೇಡ.

ಬಜೆಟ್ ಜೊತೆ ಮಧ್ಯಮಾವಧಿ ವಿತ್ತೀಯ ಯೋಜನೆ ಅಂತ ಒಂದು ಪುಸ್ತಕ ಬರ್ತೈತೆ, ಆನ್‌ಲೈನ್‌ನಾಗೇ ಸಿಗ್ತೈತೆ. ಅದ್ರಾಗೆ ಬಡ್ಡಿಗೆ ಎಷ್ಟು, ಸಂಬಳ ಪೆನ್ಶನ್‌ಗೆ ಎಷ್ಟು, ಕಟ್ಟೋ ಕೆಲಸಕ್ಕೆ ಎಷ್ಟು ಅಂತ ಮೂರು ಲೆಕ್ಕ ಪ್ರತಿ ವರ್ಷ ಬರೆದಿಟ್ಕೋ. ಊರಿಗೆ ಬಂದಾಗ ನಂಗೂ ತೋರ್ಸು.

ಇಂತಿ ನಿನ್ನ
ದೊಡ್ಡಪ್ಪ
ದಾವಣಗೆರೆ