ಎಚ್ಚರಿಕೆಯ ಫಲಕ ಗುಂಡಿಯ ಬಾಯಲ್ಲೇಕೆ?

ಸಂಪಾದಕರಿಗೆ,

ನಮ್ಮ ತಾಲ್ಲೂಕಿನ ಹೆದ್ದಾರಿಯಲ್ಲಿ ಅಗಲೀಕರಣ ನಡೆದಿದೆ. ಕಳೆದ ವಾರ ರಾತ್ರಿ ಬೈಕಿನಲ್ಲಿ ಬರುವಾಗ, ಎದುರಿನ ಲಾರಿಯ ಬೆಳಕು ಕಣ್ಣಿಗೆ ರಾಚುತ್ತಿದ್ದಾಗಲೇ, ಮೋರಿಗಾಗಿ ಅಗೆದ ಗುಂಡಿಯಿಂದ ಹತ್ತು ಹೆಜ್ಜೆ ದೂರದಲ್ಲಿ ‘ಬದಲಿ ಮಾರ್ಗ’ ಎಂಬ ಫಲಕ ಕಾಣಿಸಿತು. ಅದರ ಬಾಣದ ಗುರುತು ಕೆಸರು ಸಿಡಿದು ಮುಚ್ಚಿಹೋಗಿತ್ತು. ಪಕ್ಕದಲ್ಲಿ ಸುಣ್ಣ ಬಳಿದ ನಾಲ್ಕು ಕಲ್ಲುಗಳೂ ಒಣಗಿದ ಹೊಂಗೆಯ ಕೊಂಬೆಯೂ ಇದ್ದವು. ಹೇಗೋ ಬಚಾವಾದೆ.

ಗಂಟೆಗೆ 80 ಕಿ.ಮೀ. ವೇಗದಲ್ಲಿ ಬರುವ ವಾಹನ ಸೆಕೆಂಡಿಗೆ 22 ಮೀಟರ್ ಕ್ರಮಿಸುತ್ತದೆ. ಚಾಲಕ ಅಪಾಯ ಕಂಡು, ಬ್ರೇಕ್ ಒತ್ತಿ, ವಾಹನ ನಿಲ್ಲಲು ಸುಮಾರು 120 ಮೀಟರ್ ಬೇಕೆಂದು ನಮ್ಮ ಹೆದ್ದಾರಿ ವಿನ್ಯಾಸದ ಲೆಕ್ಕವೇ ಹೇಳುತ್ತದೆ. ಹಾಗಿರುವಾಗ ಗುಂಡಿಯ ಬಾಯಲ್ಲಿ ನೆಟ್ಟ ಫಲಕದಿಂದ ಪ್ರಯೋಜನವೇನು? ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2014ರಲ್ಲಿ ಪರಿಷ್ಕರಿಸಿದ ‘ಎಸ್‌ಪಿ 55’ ಮಾರ್ಗಸೂಚಿಯು ಕಾಮಗಾರಿ ಸ್ಥಳಕ್ಕೆ ಬಹಳ ಮುಂಚೆಯೇ ಎಚ್ಚರಿಕೆ ಆರಂಭವಾಗಿ, ವಾಹನಗಳು ಹಂತಹಂತವಾಗಿ ಪಕ್ಕದ ಪಥಕ್ಕೆ ಸರಿದು, ಕೆಲಸದ ಜಾಗ ದಾಟಿದ ಮೇಲೆ ಮತ್ತೆ ಮೂಲ ಪಥಕ್ಕೆ ಮರಳುವಂತೆ ವ್ಯವಸ್ಥೆ ಇರಬೇಕೆನ್ನುತ್ತದೆ.

ಒಂದೇ ಪಥ ತೆರೆದಿರುವಲ್ಲಿನ ಸ್ಥಿತಿ ಇನ್ನೂ ಕಷ್ಟದ್ದು. ಎರಡೂ ತುದಿಯಲ್ಲಿ ಹಸಿರು, ಕೆಂಪು ಬಟ್ಟೆ ಹಿಡಿದು ಬಿಸಿಲಲ್ಲಿ ನಿಂತ ಕಾರ್ಮಿಕರಿಗೆ ಒಬ್ಬರಿಗೊಬ್ಬರು ಕಾಣುವುದಿಲ್ಲ; ವಾಕಿಟಾಕಿಯೂ ಇಲ್ಲದ್ದರಿಂದ, ಇದೇ ಕೊನೆಯ ವಾಹನ, ಇನ್ನು ಆ ಕಡೆಯವರನ್ನು ಬಿಡಬಹುದು ಎಂಬ ಗುರುತಾಗಿ, ಕೊನೆಯದಾಗಿ ಬಿಟ್ಟ ವಾಹನದ ಚಾಲಕನ ಕೈಗೆ ಬಟ್ಟೆಯನ್ನು ಕೊಟ್ಟು ಆಚೆ ತುದಿಗೆ ತಲುಪಿಸುವುದನ್ನು ನಾನೇ ನೋಡಿದ್ದೇನೆ. (ಒಂಟಿ ಹಳಿಯಲ್ಲಿ ಟೋಕನ್ ಪಡೆದ ರೈಲು ಮಾತ್ರ ಮುಂದೆ ಸಾಗುವ, ರೈಲ್ವೆಯವರ ಹಳೆಯ ಟೋಕನ್ ಪದ್ಧತಿ ನೆನಪಾಯಿತು, ಆ ಉಪಾಯಕ್ಕೆ ಕಾರ್ಮಿಕರನ್ನು ಮೆಚ್ಚಲೇಬೇಕು.) ಆದರೆ ಸಂಜೆ ಆರಕ್ಕೆ ಅವರು ಮನೆಗೆ ಹೋದ ಮೇಲೆ ಆ ಇಕ್ಕಟ್ಟನ್ನು ಕಾಯುವವರೇ ಇರುವುದಿಲ್ಲ. ಕೆಲಸ ಮುಗಿದ ಕಡೆಗಳಲ್ಲೂ ಕಲ್ಲುಗಳು ರಸ್ತೆಯಲ್ಲೇ ಉಳಿದು ಹೊಸ ಅಪಾಯವಾಗಿವೆ.

ಕಾನೂನಿಗೇನೂ ಕೊರತೆಯಿಲ್ಲ. ರಸ್ತೆ ನಿರ್ಮಾಣ, ನಿರ್ವಹಣೆಯಲ್ಲಿ ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆಗಾರ ಪ್ರಾಧಿಕಾರ, ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 198ಎ ಕಲಂ ಅವಕಾಶ ಕೊಡುತ್ತದೆ. ಜೀವ ಹೋದ ಮೇಲಿನ ಮಾತು ಅದು. ಅದಕ್ಕೂ ಮೊದಲು, ಗುತ್ತಿಗೆದಾರರ ಬಿಲ್ಲಿಗೆ ಸಹಿ ಹಾಕುವ ಎಂಜಿನಿಯರು ಕತ್ತಲಾದ ಮೇಲೆ ಒಮ್ಮೆ ಆ ದಾರಿಯಲ್ಲಿ ದ್ವಿಚಕ್ರ ವಾಹನದಲ್ಲಿ ಬಂದು ನೋಡಲಿ. ಪ್ರತಿಫಲಿಸುವ ಫಲಕ, ಮಿನುಗುವ ದೀಪ ಮತ್ತು ರಾತ್ರಿ ಪಾಳಿಯ ಕಾವಲುಗಾರ ಕಾಣದಿದ್ದರೆ ಆ ತಿಂಗಳ ಬಿಲ್ಲನ್ನು ತಡೆಹಿಡಿಯಲಿ.

– ಒಬ್ಬ ನಿತ್ಯ ಪ್ರಯಾಣಿಕ, ತಿಪಟೂರು