ಮುಗ್ಗರಿಸೋ ಗಾಡಿ ಸರಿ ಮಾಡ್ಸಿದ ಪುಣ್ಯಾತ್ಮರಿಗೆ

ಹೆಸರು ಕೇಳೋದನ್ನೇ ಮರೆತೆ ಸಾರ್, ಅದಕ್ಕೆ ಇಲ್ಲೇ ಥ್ಯಾಂಕ್ಸ್ ಹೇಳ್ತಿದೀನಿ. ನನ್ನ ಹಳೇ ಕಾರ್ಬುರೇಟರ್ (ಗಾಳಿ-ಪೆಟ್ರೋಲ್ ಬೆರೆಸಿ ಇಂಜಿನ್ನಿಗೆ ಕೊಡೋ ಭಾಗ) ಇರೋ ಕಾರು ಐಡಲಲ್ಲಿ, ಅಂದ್ರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡ್ತಿರುವಾಗ, ಚೆನ್ನಾಗೇ ಇರೋದು, ಆಕ್ಸಿಲರೇಟರ್ ಒತ್ತಿದ ತಕ್ಷಣ ಮಾತ್ರ ಉಸಿರು ಕಟ್ಟಿದಂಗಾಗಿ ಆಮೇಲೆ ಎಳೀತಿತ್ತು, ಪ್ಲಗ್ ಬದಲಾಯಿಸ್ದೆ, ಫ್ಯುಯೆಲ್ ಫಿಲ್ಟರ್ ಬದಲಾಯಿಸ್ದೆ, ಪ್ಲಗ್ಗಿಗೆ ಕಿಡಿ ಕಳಿಸೋ ಪಾಯಿಂಟ್ ಗ್ಯಾಪೂ ನೋಡ್ದೆ, ಊಹೂಂ. ನೀವು ಇಂಜಿನ್ ಆಫ್ ಮಾಡ್ಸಿ, ಏರ್ ಫಿಲ್ಟರ್ ತೆಗೆಸಿ, ಗಾಳಿ ಬಿಡೋ ಬಾಗಿಲಾದ ಥ್ರಾಟಲ್‌ನ ಕೈಯಲ್ಲೇ ಎಳೆದು ಕಾರ್ಬುರೇಟರ್ ಒಳಗೆ ಟಾರ್ಚ್ ಬಿಟ್ರಿ. ಪಿಚಕಾರಿ ಥರ ಚಿಮ್ಮಬೇಕಿದ್ದ ಪೆಟ್ರೋಲ್ ಎರಡು ಹನಿ ತೊಟ್ಟಿಕ್ತು, ಅಷ್ಟೇ. "ಗಾಳಿ ಥಟ್ಟನೆ ನುಗ್ಗುತ್ತೆ, ಪೆಟ್ರೋಲ್ ಹಿಂದೆ ಬೀಳುತ್ತೆ, ಆ ಕೊರತೆ ತುಂಬೋದೇ ಆಕ್ಸಿಲರೇಟರ್ ಪಂಪ್ ಕೆಲಸ" ಅಂದ್ರಿ. ಬಿಚ್ಚಿದ್ರೆ ಅದರ ಡಯಾಫ್ರಮ್ (ಪೆಟ್ರೋಲ್ ತಳ್ಳೋ ತೆಳು ಪೊರೆ) ಅಂಚಲ್ಲಿ ಕೂದಲೆಳೆಯಷ್ಟು ಸೀಳು! ಹೊಸದು ಹಾಕಿದ್ಮೇಲೆ ಮುಗ್ಗರಿಸೋದು ನಿಂತೋಯ್ತು. ಸುಮ್ನೆ ಬಿಚ್ಚಿಟ್ಟ ಹಳೇ ಪ್ಲಗ್ಗುಗಳು ಮಾತ್ರ ಡಿಕ್ಕೀಲಿ ನನ್ನ ನೋಡಿ ನಗ್ತಿವೆ.