ಶನಿವಾರ ‘ಫನಾ’: ನೋಡಿ, ಅಂಕ ಕೊಡಿ

ಎಲ್ಲರಿಗೂ ನಮಸ್ಕಾರ. ಈ ಶನಿವಾರ ಸಂಜೆ 6ಕ್ಕೆ ಎಂದಿನ ಜಾಗದಲ್ಲಿ 2006ರ ಹಿಂದಿ ಸಿನಿಮಾ ‘ಫನಾ’ ನೋಡೋಣ. ಎರಡೂಮುಕ್ಕಾಲು ಗಂಟೆಯ ಸಿನಿಮಾ, ತಡ ಮಾಡಬೇಡಿ.

ಆಮಿರ್–ಕಾಜೋಲ್ ಜೋಡಿ, ಗುಜರಾತಿನ ಥಿಯೇಟರ್‌ಗಳಲ್ಲಿ ಬಿಡುಗಡೆ ಆಗದ ಗಲಾಟೆ, ಹೀಗೆ ಆಗ ಹೈಪ್ ಜಾಸ್ತಿಯೇ ಇತ್ತು. ಅದನ್ನೆಲ್ಲ ಬದಿಗಿಟ್ಟು ತೂಗಬೇಕು. ಮೊದಲರ್ಧದ ದಿಲ್ಲಿಯ ಪ್ರೇಮಕ್ಕೂ ಉಳಿದರ್ಧದ ಹಿಮದ ಮನೆಯ ಥ್ರಿಲ್ಲರ್‌ಗೂ ಬೇರೆ ಬೇರೆ ಅಂಕ ಕೊಡಿ, ಹತ್ತಕ್ಕೆ. ಚರ್ಚೆಗೆ ಮುಂಚೆಯೇ ಚೀಟಿಯಲ್ಲಿ ಬರೆದುಬಿಡಿ. ಕಣ್ಣು ಕಾಣದ ಜೂನಿಯಾಗಿ ಕಾಜೋಲ್ ನೋಟವನ್ನು ಹೇಗೆ ಹಿಡಿದಿದ್ದಾರೆ, ಗಮನಿಸಿ. ನನಗಂತೂ ಮೊದಲರ್ಧ ನಿಂತಿರುವುದೇ ಅದರ ಮೇಲೆ. (ಆ ಹಿಮದ ದೃಶ್ಯಗಳನ್ನು ತೆಗೆದದ್ದು ಪೋಲೆಂಡಿನಲ್ಲಿ!)

ಮೊದಲೇ ನೋಡಿದವರು ನಡುವಿನ ತಿರುವನ್ನು ದಯವಿಟ್ಟು ಇಲ್ಲಿ ಹೇಳಬೇಡಿ. ಹೊಸಬರಿಗೆ ಮಜಾ ಹೋಗುತ್ತದೆ, ಅಲ್ವಾ? ಬರುವವರು ಗುರುವಾರ ರಾತ್ರಿಯೊಳಗೆ ‘ಬರ್ತೀನಿ’ ಅಂತ ಹಾಕಿ, ಕುರ್ಚಿ ಹೊಂದಿಸಬೇಕು.